ಚೀಲ ಕೆಳಗಿಡದವಳಿಗೆ

ಹರಪನಹಳ್ಳಿ
18 ಮೇ 2025, ಭಾನುವಾರ

ನನ್ನ ಫೋನು ಎತ್ತದ ಕೌಸರ್‌ಗೆ,

ಹದಿನೇಳು ಸಲ ಫೋನು ಮಾಡಿದೆ. ಹದಿನೆಂಟನೆಯದಕ್ಕೆ ಕೈ ಹೋದಾಗ ನಿಮ್ಮ ಅಬ್ಬಾ, ಮೌಲಾಸಾಬ್ ಕಾಕಾ, ನೆನಪಾದರು. ನಿಮ್ಮ ವೈಂಡಿಂಗ್ ಅಂಗಡಿಯ ಬಾಗಿಲಲ್ಲಿ ನಿಂತು ಗಿರಾಕಿಗಳನ್ನು ತಡೆಯುತ್ತಿದ್ದರು: "ಎಣಿಸಾಕತ್ತಾಳ್ರಿ, ಮಾತಾಡಿಸಬ್ಯಾಡ್ರಿ. ಒಂದು ಸುತ್ತು ತಪ್ಪಿದ್ರ ನಿಮ್ಮ ಮೋಟಾರೇ ಹೊಗಿ ಬಿಡ್ತೈತಿ." ಸುಟ್ಟ ಮೋಟಾರಿಗೆ ಹೊಸ ತಾಮ್ರದ ತಂತಿ ಸುತ್ತುವಾಗ ನೀನು ಯಾರಿಗೂ ಉತ್ತರ ಕೊಡುತ್ತಿರಲಿಲ್ಲ. ತುಟಿ ಮಾತ್ರ ಅಲ್ಲಾಡುತ್ತಿತ್ತು. ಕಾಗದವಾದರೆ ನಿನ್ನ ಎಣಿಕೆ ಮುಗಿಯುವ ತನಕ ಪಕ್ಕದಲ್ಲಿ ಬಿದ್ದಿರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ, ಕ್ಷಮೆ ಕೇಳುವುದಕ್ಕಲ್ಲ. ಅದನ್ನು ಮೊದಲೇ ಹೇಳಿಬಿಟ್ಟರೆ ಇಬ್ಬರಿಗೂ ಒಳ್ಳೆಯದು.

ಅಂಗಡಿಯ ಬಿಲ್ಲಿನ ಬೆನ್ನಿಗೆ ನೀನು ಬರೆದು ಕಳಿಸಿದ ಐದು ಸಾಲು ನನ್ನ ಮುಂದೆಯೇ ಇವೆ. "ಆ ಗೇಮ್ ಈಗ ಏನೂ ಇಲ್ಲ, ಗಂಗಾ. ಆಗಲೂ ಇರಲಿಲ್ಲ ಅನಸ್ತೈತಿ. ಇದ್ದದ್ದು ನಿನ್ನ ಸುಳ್ಳು. ಇಪ್ಪತ್ತೆರಡು ವರ್ಷ ನಿನ್ನ ಮಾತಿನ ಮ್ಯಾಲೆ ಬದುಕೇನಿ. ಈ ತಿಂಗಳ ಕಡೀಗೆ ಅಂಗಡಿ ಕೀಲಿ ಸಲೀಂ ಭಾಯ್‌ಗೆ ಕೊಡತೀನಿ, ಮೊಬೈಲ್ ಅಂಗಡಿ ಇಟ್ಕೊಳ್ಳಲಿ."

ಸಿಮ್ರಾನ ನನಗೆ ಎಲ್ಲ ಹೇಳಿದಳು. ನಿನ್ನ ಅಣ್ಣ ಸಲೀಮಣ್ಣನ ಮಗಳನ್ನು ಬೈಯಬೇಡ, ಕೇಳಿದವಳು ನಾನು. ನಾವು ಆಡಿದ್ದ ಆ ಕಂಪ್ಯೂಟರ್ ಆಟ 'ನೈನ್ ವೀಲ್ಸ್' ಹೊಸ ರೂಪದಲ್ಲಿ ಮತ್ತೆ ಬಂದಿತಂತೆ. ಪಾಲಿಟೆಕ್ನಿಕ್ ರಜೆಯಲ್ಲಿ ಅವಳು ಅದನ್ನು ಹಾಕಿ, "ಫುಪ್ಪು, ನಿಮ್ಮ ಗಾಲಿ ಗೇಮ್" ಎಂದು ನಿನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಳಂತೆ. ಕೊನೆಯ ಬಾಗಿಲಿನಲ್ಲಿ ಮುದುಕ ಕಾವಲುಗಾರ ಬಂದಾಗ ನೀನು, "ಈಗ ನೋಡು ಏನಂತಾನ" ಎಂದೆಯಂತೆ. ನೀನು ಕಾದಿದ್ದ ಸಾಲನ್ನು ಅವನು ಹೇಳಲಿಲ್ಲ. ಸಿಮ್ರಾನ ಎರಡು ಸಲ ಓದಿ ತೋರಿಸಿದಳು. ಆಮೇಲೆ ಊಟದ ಮನೆ, ಹಾಡು, ದೀಪ, ಮುಗಿಯಿತು. ನೀನು ಎದ್ದು ನಿಂತು ಕೇಳಿದೆಯಂತೆ, "ಆಕಿ ಉಪ್ಪಿನ ಮ್ಯಾಲೆ ತಿರುಗಿ ನಡಕೊಂತ ಹೋಗೋದು ಎಲ್ಲೈತಿ? ಅದನ್ನೂ ಗಂಗಾನೇ ಹುಟ್ಟಿಸಿದ್ಳೇನು?"

ಮೊದಲು ಒಪ್ಪಿಕೊಳ್ಳಬೇಕಾದದ್ದನ್ನು ಒಪ್ಪಿಕೊಳ್ಳುತ್ತೇನೆ. ಆ ಸಾಲು ನನ್ನದು.

2003ರ ಆ ಮಳೆಯಿಲ್ಲದ ಜುಲೈ ನಿನಗೆ ನೆನಪಿರಬೇಕು. ಹಗರಿಬೊಮ್ಮನಹಳ್ಳಿಯಲ್ಲಿ ನಮ್ಮ ಅಪ್ಪನ ಬೀಜದ ಅಂಗಡಿ, ಪಕ್ಕದಲ್ಲಿ ನಿಮ್ಮದು. ನಿಮ್ಮ ಅಂಗಡಿಯ ಹಿಂದಿನ ಕೋಣೆಯಲ್ಲಿ ಸಲೀಮಣ್ಣನ ಕಂಪ್ಯೂಟರು, ಅದಕ್ಕೆ ಕಾಕಾ ಟ್ರ್ಯಾಕ್ಟರ್ ಬ್ಯಾಟರಿಯಿಂದ ಮಾಡಿಕೊಟ್ಟ ಯುಪಿಎಸ್. ಲೋಕವೆಲ್ಲ ಹೊಗಳುತ್ತಿದ್ದ ಆಟ ಎಂದು ಸಲೀಮಣ್ಣ ಅದರ ಸೀಡಿ ತಂದಿದ್ದ. ಆಟದ ಮಾತೆಲ್ಲ ಇಂಗ್ಲಿಷು. ಕಾನ್ವೆಂಟಿನಲ್ಲಿ ಓದಿ ಬಂದವಳು ನಾನೊಬ್ಬಳೇ ಆದ್ದರಿಂದ ಕೀಲಿಮಣೆ ನಿನ್ನ ಕೈಗೆ, ಪರದೆ ಓದುವ ಕೆಲಸ ನನಗೆ. ಉಪ್ಪಿನ ಬಯಲಿನಲ್ಲಿ ನಿಂತುಹೋದ ಒಂಬತ್ತು ನೀರಿನ ಗಾಲಿಗಳನ್ನು ಒಬ್ಬ ಹೆಂಗಸು ಒಂದೊಂದಾಗಿ ರಿಪೇರಿ ಮಾಡುತ್ತ ಹೋಗುವ ಕತೆ. ಆಟ ಅವಳ ಹೆಸರು ಕೇಳಿದಾಗ ನೀನು ಒಂದೊಂದೇ ಅಕ್ಷರ ಹುಡುಕಿ 'ಕೌಸರ್' ಎಂದು ಒತ್ತಿದೆ. ನಾನು ಕನ್ನಡದಲ್ಲಿ ಹೇಳುತ್ತಿದ್ದೆ, ನಿಮ್ಮ ಅಮ್ಮಿ ಅಮೀರ್ ಬೀ ಸಹ ಅಕ್ಕಿ ಆರಿಸುವ ತಟ್ಟೆ ಹಿಡಿದು ಬಾಗಿಲಲ್ಲಿ ಕೂರುತ್ತಿದ್ದರು. "ಆ ಹುಡುಗಿ ಉಂಡ್ಳೇನು?" ಎಂದು ದಿನಾ ಕೇಳುತ್ತಿದ್ದರು.

ಅದೇ ವಾರ ನಿನಗೆ ದಾವಣಗೆರೆಯ ಸಂಬಂಧ ಬಂದಿತ್ತು. ಟೈರು ಅಂಗಡಿಯವರು, ಒಳ್ಳೆಯ ಜನ, ಒಂದೇ ಮಾತು: ಹುಡುಗಿ ಇನ್ನು ಮೋಟಾರು ಮುಟ್ಟಬಾರದು. ನೀನು ಉತ್ತರ ಮುಂದೂಡಿ ಸುರುಳಿ ಸುತ್ತುತ್ತ ಕುಳಿತೆ.

ಒಂಬತ್ತನೇ ಗಾಲಿ ಮುಗಿದ ಮೇಲೆ ಆ ಬಾಗಿಲು ಬಂತು. ಕಾವಲುಗಾರ ನಿಜವಾಗಿ ಹೇಳುವುದು ಇಷ್ಟು: ನಿನ್ನ ಕೆಲಸ ಮುಗಿಯಿತು, ಕೌಸರ್. ಚೀಲ ಇಲ್ಲೇ ಇಟ್ಟು ಒಳಗೆ ಬಾ. ಊಟ ಇದೆ, ಹಾಸಿಗೆ ಇದೆ. ನಾನು ಓದಿದ್ದು ಇಷ್ಟು: "ಒಳಗ ಊಟ ಐತಿ, ಹಾಸಿಗಿ ಐತಿ, ಕೌಸರ್. ಆದ್ರ ಕೆಲಸ ಕಲ್ತ ಕೈಗೆ ಸಾಕು ಅನ್ನಾಕ ಯಾರಿಗೂ ಹಕ್ಕಿಲ್ಲ." ಅಮ್ಮಿ ಅಕ್ಕಿ ಆರಿಸುವುದು ನಿಲ್ಲಿಸಿದರು. ಎರಡು ದಿನದ ಮೇಲೆ ನೀನು ದಾವಣಗೆರೆಗೆ ಬೇಡ ಎಂದೆ.

ಯಾಕೆ ಹಾಗೆ ಓದಿದೆ ಎಂದು ಈ ಹದಿನೈದು ದಿನ ನನ್ನನ್ನೇ ಕೇಳಿಕೊಂಡಿದ್ದೇನೆ. ನಿನಗಾಗಿ ಎಂದರೆ ಅರ್ಧ ನಿಜ. ಮುಂದಿನ ತಿಂಗಳು ನನ್ನ ಮದುವೆಯಿತ್ತು. ತವರಿಗೆ ಬಂದಾಗ ಗೋಡೆಯಾಚೆ ನೀನಿರಬೇಕು ಎನ್ನುವ ಆಸೆ ಉಳಿದರ್ಧ. ನಿನ್ನನ್ನು ಅಲ್ಲೇ ನಿಲ್ಲಿಸಿ ನಾನು ಹರಪನಹಳ್ಳಿಗೆ ಬಂದೆ. ವಾರ್ನಿಷ್ ಹೊಗೆ ಕುಡಿದವಳು ನೀನು, "ಹೆಂಗಸು ಕಟ್ಟಿದ ಮೋಟಾರು ಎಷ್ಟು ದಿನ ಬಾಳತೈತಿ?" ಅನ್ನಿಸಿಕೊಂಡವಳು ನೀನು. ಕಾಕಾ ಹೋದ ಮೇಲೆ ಒಬ್ಬಳೇ ಬೆಳಿಗ್ಗೆ ಶಟರ್ ಎತ್ತಿದವಳೂ ನೀನೇ. ನಾನು ವರ್ಷಕ್ಕೆ ಎರಡು ಸಲ ಬಂದು, ನಿನ್ನ ಕೈಯ ಅಡುಗೆ ಉಂಡು, ಹೊಗಳಿ, ಬಸ್ಸು ಹತ್ತಿದೆ. ಈ ಲೆಕ್ಕದಲ್ಲಿ ನೀನು ನನ್ನ ಮೇಲೆ ಸಿಟ್ಟಾಗುವುದು ನ್ಯಾಯವೇ.

ಆದರೆ ನೀನು ಬರೆದದ್ದು ಸಿಟ್ಟಿನ ಮಾತಲ್ಲ. 'ನಿನ್ನ ಮಾತಿನ ಮೇಲೆ ಬದುಕಿದೆ' ಎಂದಿದ್ದೀಯ. ಅದನ್ನು ನಾನು ಒಪ್ಪುವುದಿಲ್ಲ. ಒಪ್ಪುವುದಿಲ್ಲ ಎಂದು ಬಾಯಲ್ಲಿ ಅಂದರೆ ನೀನು ನಂಬುವವಳಲ್ಲ. ಸುತ್ತಿದ ಸುರುಳಿಗೆ ಮೀಟರು ಇಟ್ಟು ನೋಡದೆ ಬಿಟ್ಟವಳೇ ಅಲ್ಲ. ಅದಕ್ಕೆ ನಾನೂ ಅದನ್ನೇ ಮಾಡಿದೆ. ಆಟ ತರಿಸಿ ಲ್ಯಾಪ್‌ಟಾಪಿಗೆ ಹಾಕಿಕೊಂಡು ಮಧ್ಯಾಹ್ನ ಮಧ್ಯಾಹ್ನ ಆಡಿದೆ. ಒಂದು ದಿನ ಯಜಮಾನರು, ಪ್ರವೀಣಕುಮಾರರು, ಅಂಗಡಿಯಿಂದ ಬೇಗ ಬಂದು ನೋಡಿ, "ಈ ವಯಸ್ನಾಗೆ ಗೇಮ್ ಆಡ್ತೀಯಲ್ಲೇ, ಯಾರನ ನೋಡಿದ್ರೆ ಏನಂತಾರೆ?" ಎಂದರು. ನಾಲ್ಕನೇ ಗಾಲಿಯಲ್ಲಿದ್ದೇನೆ, ಮಾತಾಡಿಸಬೇಡಿ ಎಂದೆ. ಅವರು ಚಹಾ ತಾವೇ ಮಾಡಿಕೊಂಡರು.

ಈಗ ಕೇಳು, ಆಟ ಹೇಗಿದೆ ಎಂದು.

ನೀನು ಹೇಳಿದ್ದು ಬಹುಪಾಲು ಸರಿ. ಆಗ ಅದ್ಭುತ ಅನ್ನಿಸಿದ್ದ ಎಷ್ಟೋ ಸಂಗತಿ ಈಗ ನಿಲ್ಲುವುದಿಲ್ಲ. ಆ ಹೆಂಗಸು ನೀರಿನಲ್ಲಿ ನಡೆದ ಹಾಗೆ ನಡೆಯುತ್ತಾಳೆ. ಒಂಬತ್ತು ಊರಿನ ಹೆಂಗಸರಿಗೂ ಒಂದೇ ಮುಖ. ಗೋಡೆಯ ಹತ್ತಿರ ಹೋದರೆ ದೃಶ್ಯವೇ ಗೋಡೆಯೊಳಗೆ ಸಿಕ್ಕಿಕೊಳ್ಳುತ್ತದೆ. ನಾಲ್ಕನೇ ಗಾಲಿಯ ಒಗಟು ಆಗಲೂ ದಡ್ಡತನದ್ದೇ ಇತ್ತು, ನಾವು ನಮ್ಮನ್ನೇ ದಡ್ಡರೆಂದುಕೊಂಡಿದ್ದೆವು. ಹೊಸ ರೂಪದಲ್ಲಿ ಉಪ್ಪಿಗೆ ಕಲ್ಯಾಣಮಂಟಪದ ನೆಲದ ಹೊಳಪು ಕೊಟ್ಟಿದ್ದಾರೆ. ಹಳೆಯ ಮಂಕು ಬಿಳುಪೇ ವಾಸಿ, ನೋಡಿದರೆ ಬಾಯಾರುತ್ತಿತ್ತು. ಪತ್ರಿಕೆಯವರು ಮೆಚ್ಚಿದ್ದ ಆ ಸಂಭಾಷಣೆಗಳನ್ನು ಈಗ ಓದಿದರೆ ನಾಟಕದ ರಾಜನ ಮಾತಿನಂತಿವೆ. ಸುಳ್ಳಲ್ಲ, ನಾನು ಓದಿದ ಕನ್ನಡವೇ ಚೆನ್ನಾಗಿತ್ತು.

ಆದರೆ ಸ್ಪ್ಯಾನರು ಹಿಡಿದು ನಟ್ಟು ಬಿಗಿಯುವುದಿದೆಯಲ್ಲ, ಅದು ಇಂದಿಗೂ ಸರಿಯಾಗಿದೆ. ಅವಸರ ಮಾಡಿದರೆ ಜಾರುತ್ತದೆ, ಒಂದು ಹದಕ್ಕೆ ಹಿಡಿದರೆ ಕೂರುತ್ತದೆ. "ಇದನ್ನ ಮಾಡಿದಾವ ಒಮ್ಮೆರ ಕೈ ಕೊಯ್ಕೊಂಡಿರ್ಬೇಕು ನೋಡು" ಎಂದು ನೀನು ಅಂದದ್ದು ಅದಕ್ಕೇ. ಗಾಲಿ ತಿರುಗುವ ಮುಂಚಿನ ಆ ಗೊರಗೊರ ಸದ್ದಿಗೆ ನನ್ನ ಮೈ ಈಗಲೂ ಜುಮ್ಮೆಂದಿತು.

ಹದಿಮೂರನೇ ದಿನ ಬಾಗಿಲಿಗೆ ಬಂದೆ. ಕಾವಲುಗಾರ ತನ್ನ ಮಾತು ಹೇಳಿದ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು: ಚೀಲ ಕೆಳಗಿಡಲು ಎಂಟರ್ ಒತ್ತಿ. ಒತ್ತಿದೆ. ಊಟದ ಮನೆ, ಹಾಡು, ದೀಪ. ಸಿಮ್ರಾನ ಕಂಡದ್ದೂ ಇದನ್ನೇ, ಯಾಕೆಂದರೆ ಅವಳೂ ಓದಿದ್ದನ್ನು ಪಾಲಿಸುವ ಹುಡುಗಿ.

ಮತ್ತೆ ಹಿಂದಕ್ಕೆ ಹೋಗಿ ಅದೇ ಬಾಗಿಲಲ್ಲಿ ನಿಂತೆ. ಈ ಸಲ ಒತ್ತಲಿಲ್ಲ. ಏನೂ ಆಗಲಿಲ್ಲ. ಕಾವಲುಗಾರ ಸುಮ್ಮನೆ ನಿಂತಿದ್ದ, ಅಕ್ಷರ ಮಿನುಗುತ್ತಿತ್ತು. ಅವಳನ್ನು ಬೆನ್ನು ತಿರುಗಿಸಿ ನಡೆಸಿದೆ. ಯಾರೂ ತಡೆಯಲಿಲ್ಲ, ಕೌಸು. ಬಾಗಿಲು ಹಿಂದೆ ಸರಿಯಿತು. ಸಂಗೀತ ನಿಂತಿತು. ಬರೀ ಉಪ್ಪು, ಅವಳ ಹೆಜ್ಜೆ, ದೂರದಲ್ಲಿ ಒಂದೊಂದೇ ಗಾಲಿಯ ಸದ್ದು. ಹನ್ನೊಂದು ನಿಮಿಷ ನಡೆದೆ. ಮೊದಲನೇ ಗಾಲಿಗೆ ಬಂದರೆ ಅದು ಮತ್ತೆ ನಿಂತುಹೋಗಿತ್ತು. ಅವಳು ಮೊಣಕಾಲೂರಿ ಚೀಲ ಬಿಚ್ಚಿದಳು. ಪರದೆ ಕಪ್ಪಾಯಿತು, ನಟ್ಟಿಗೆ ಸ್ಪ್ಯಾನರು ಬೀಳುವ ಸದ್ದು ಮಾತ್ರ ಕೇಳಿಸಿತು.

ನಿನಗೆ ನೆನಪಿರುವುದು ಇದೇ. ಇದನ್ನು ನಾನು ಹುಟ್ಟಿಸಲಿಲ್ಲ. ಹುಟ್ಟಿಸಲು ನನಗೆ ಬರುವುದೂ ಇಲ್ಲ, ಇದರಲ್ಲಿ ಒಂದು ಮಾತೂ ಇಲ್ಲ, ನನ್ನ ಕೈಲಿದ್ದದ್ದು ಮಾತು ಮಾತ್ರ. ಚೀಲ ಕೆಳಗಿಟ್ಟವರಿಗೆ ಆ ಹನ್ನೊಂದು ನಿಮಿಷ ಕಾಣುವುದೇ ಇಲ್ಲ. ಅದನ್ನು ನಾವು 2003ರಲ್ಲಿ ನೋಡಿದ್ದೇವೆ ಎಂದರೆ ಅಂದು ಯಾರೋ ಎಂಟರ್ ಒತ್ತಲಿಲ್ಲ. ಕೀಲಿಮಣೆ ಯಾರ ಕೈಯಲ್ಲಿತ್ತು?

ಗಂಗಾ ಆ ಸಾಲನ್ನೂ ಮುಚ್ಚಿಟ್ಟಿರಬೇಕು, ಒತ್ತಬೇಕೆಂದು ನನಗೆ ಗೊತ್ತೇ ಇರಲಿಲ್ಲ ಎಂದು ನೀನು ಅನ್ನಬಹುದು. ನಾನೂ ಒಂದು ದಿನವೆಲ್ಲ ಅದಕ್ಕೆ ಹೆದರಿದೆ. ಆಮೇಲೆ ಅಮ್ಮಿಯ ಅಕ್ಕಿ ತಟ್ಟೆಯಿಂದ ಹಿಡಿದು ಒಂದೊಂದಾಗಿ ನೆನೆದೆ. ನಾನೇ ಹೇಳಿದ್ದೆ. ಅಂಥ ದೊಡ್ಡ ಮಾತು ಓದಿ ಮುಗಿಸಿ, "ಮುಗೀತು ಬಿಡು, ಎಂಟರ್ ಒತ್ತಿ ಚೀಲ ಇಡು, ಮನಿಗೆ ಹೋಗಬೇಕು ನಾನು" ಎಂದೆ. ನಿನ್ನ ತುಟಿ ಎಣಿಸುವ ಹಾಗೆ ಅಲ್ಲಾಡುತ್ತಿತ್ತು. ನಾನು ಭುಜ ತಟ್ಟಿ ಮತ್ತೆ ಹೇಳಿದೆ. ನೀನು ಪರದೆಯಿಂದ ಕಣ್ಣು ತೆಗೆಯದೆ ಅಂದೆ, "ತಡಿಯೇ ಟೀಚರಮ್ಮ. ಚೀಲ ಯಾಕಿಡಬೇಕು? ಇದು ಆಕೀದು." ಬಾಗಿಲಿಂದ ಅಮ್ಮಿ, "ಹೇಳಿದಂಗ ಕೇಳೋ ಜಾತಿನೇ ಅಲ್ಲ ಇದು" ಎಂದು ನಕ್ಕರು. ನೆನಪಾಯಿತೇ? ನನಗೆ ಸ್ವಲ್ಪ ಸಿಟ್ಟು ಬಂದಿತ್ತು, ಅದಕ್ಕೇ ಮರೆತಿಲ್ಲ.

ಸಾಲು ನನ್ನದು, ಹೌದು. ಚೀಲ ಇಡು ಎಂದವಳೂ ನಾನೇ. ನೀನು ಎರಡನೆಯದನ್ನು ಕೇಳಲಿಲ್ಲ. ನನ್ನ ಮಾತಿನ ಮೇಲೆ ಬದುಕುವವಳಾಗಿದ್ದರೆ ಅಂದೇ ಊಟದ ಮನೆಗೆ ಹೋಗಿರುತ್ತಿದ್ದೆ.

ಕೈ ಸೋತಿದ್ದರೆ ಅಂಗಡಿ ಬಿಡು. ಕಣ್ಣು ಮಂಜಾಗಿದ್ದರೆ ಬಿಡು, ಬೇಸರವಾಗಿದ್ದರೂ ಬಿಡು, ನಾನು ಒಂದು ಮಾತೂ ಆಡುವುದಿಲ್ಲ. ಆದರೆ ಅದು ನಿನ್ನದಲ್ಲ, ಗಂಗಾ ಕಟ್ಟಿದ ಕತೆ ಎಂದು ಮಾತ್ರ ಬಿಡಕೂಡದು. ಆ ಕೀಲಿಯನ್ನು ಸಲೀಮಣ್ಣನಿಗೆ ಕೊಡುವ ಮುಂಚೆ ಸಿಮ್ರಾನಳ ಕಂಪ್ಯೂಟರಿನ ಮುಂದೆ ಹನ್ನೊಂದು ನಿಮಿಷ ಕೂರು. ಈ ಸಲ ಓದಿ ಹೇಳಲು ಯಾರೂ ಬೇಡ.

ಆಟ ಹಳತಾಗಿದೆ. ಸವೆದ ಕಡೆ ಸವೆದಿದೆ. ಆದರೆ ಆ ಬಾಗಿಲಿಗೆ ಬೆನ್ನು ಹಾಕಿ ನಡೆಯುವ ದಾರಿಯನ್ನು ಮಾಡಿದವರು ಮುಚ್ಚಿಲ್ಲ. ನನ್ನ ತೀರ್ಪು ಇಷ್ಟೇ. ನೀನು ಬೇರೆ ಹೇಳುವುದಿದ್ದರೆ ಫೋನು ಎತ್ತಿ ಹೇಳು.

ನಿನ್ನ ಮಾತನ್ನು ಒಪ್ಪದ, ನಿನ್ನನ್ನು ಬಿಟ್ಟೂ ಕೊಡದ,
ಗಂಗಾಂಬಿಕಾ

ಮರೆತದ್ದಲ್ಲ, ಬರೆಯಲು ಹಿಂಜರಿದದ್ದು: ಆ ಆಟವನ್ನು ನಾನು ಮೊದಲು ಮುಗಿಸಿದ್ದು ನಿನ್ನ ಜೊತೆ ಅಲ್ಲ. ಹಿಂದಿನ ದಿನ ನೀನೂ ಕಾಕಾನೂ ಕೊಟ್ಟೂರಿಗೆ ಮೋಟಾರು ಕೂರಿಸಲು ಹೋಗಿದ್ದಿರಿ. ನಾನು ಒಬ್ಬಳೇ ಕೂತು ಆಡಿದೆ. ಕಾವಲುಗಾರ ಹೇಳಿದ, ನಾನು ಎಂಟರ್ ಒತ್ತಿದೆ. ಬೇರೆ ದಾರಿ ಇರಬಹುದೆಂದು ತೋಚಲೇ ಇಲ್ಲ. ಹಡಗಲಿಯ ಹೈಸ್ಕೂಲಿನಿಂದ ಬಂದ ನೇಮಕದ ಪತ್ರ ಆಗ ನನ್ನ ಚೀಲದಲ್ಲೇ ಇತ್ತು. ಗಂಡಿನ ಕಡೆಯವರು ಬೇಡ ಎಂದರೆಂದು ಅದನ್ನು ಆ ಸಂಜೆ ಅಪ್ಪನ ಕೈಗೆ ಕೊಟ್ಟೆ. ನಿನಗೆ ಓದಿದ ಸಾಲು ತಟ್ಟನೆ ಹೊಳೆದದ್ದಲ್ಲ. ನನಗೆ ಯಾರೂ ಓದಿ ಹೇಳದ್ದನ್ನು ಒಂದು ದಿನವೆಲ್ಲ ಕೂತು ಕಟ್ಟಿದ್ದೆ. ಜೂನ್ ಎರಡರಿಂದ ಅದೇ ಹಡಗಲಿಯ ಇನ್ನೊಂದು ಶಾಲೆಯಲ್ಲಿ ಎಂಟನೇ ತರಗತಿಗೆ ಇಂಗ್ಲಿಷ್ ಪಾಠ ಮಾಡಲು ಒಪ್ಪಿಕೊಂಡಿದ್ದೇನೆ. ಮನೆಯಲ್ಲಿ ಇನ್ನೂ ಹೇಳಿಲ್ಲ. ಈ ಕಾಗದವನ್ನು ಡಬ್ಬಿಗೆ ಹಾಕಿ ಬಂದು ಹೇಳುತ್ತೇನೆ. ಬೇಡ ಎಂದರೆ ಏನು ಮಾಡಬೇಕೆಂದು ಗೊತ್ತು, ನಿನ್ನ ಪಕ್ಕದಲ್ಲಿ ಕೂತು ನೋಡಿದ್ದೇನೆ.