ಹೆಸರು ಎಳೆದು ಕೂಗಬೇಡಿ

ಕೋಚ್ ವಿಲ್ಬರ್ನ್ ಅವರಿಗೆ,

ಹೈಸ್ಕೂಲಿನ ಆಲ್‌ಸ್ಟಾರ್ ಬಾಸ್ಕೆಟ್‌ಬಾಲ್ ಪಂದ್ಯದಲ್ಲಿ ಹಳೆಯ ಆಟಗಾರರ ಸನ್ಮಾನಕ್ಕೆ ನಮ್ಮ ಡೆರೆಲ್‌ನನ್ನೂ ಕರೆದಿದ್ದೀರಿ, ಸಂತೋಷ. ಗಾಲಿಕುರ್ಚಿಯಲ್ಲಿ ಕರೆತರುತ್ತೇನೆ. ಆದರೆ ಮೈಕಿನಲ್ಲಿ ಅವನ ಹೆಸರನ್ನು ಹಿಂದಿನಂತೆ ಎಳೆದು ಕೂಗಿಸಬೇಡಿ. ಲಕ್ವ ಹೊಡೆದ ಮೇಲೆ, ಹೆಸರು ಕೂಗಿದೊಡನೆ ಅಂಗಳಕ್ಕೆ ಓಡಬೇಕು ಎಂಬುದೊಂದೇ ಅವನಿಗೆ ನೆನಪಿದೆ. ಹೋದ ವಾರ ಪಕ್ಕದ ಮನೆಯ ರಾಯ್ ತಮಾಷೆಗೆ, "ನಂಬರ್ ಮೂವತ್ನಾಲ್ಕು, ಡೆರೇಏಏಲ್ ಹಾಬ್ಸ್!" ಅಂದ. ಲಕ್ವ ಹೊಡೆದ ಕಾಲಲ್ಲೇ ಇವನು ಎದ್ದು ಓಡಲು ಹೋಗಿ ಬಿದ್ದು, ಹಲ್ಲು ಮುರಿದುಕೊಂಡ.

"ಎಬ್ಬಿಸಮ್ಮಾ, ಕೋಚ್ ಬೈತಾರೆ."

"ಆಟ ಮುಗ್ದು ಮೂವತ್ತು ವರ್ಷ ಆಯ್ತು ಕಣೋ."

"ಹೌದಾ? ಗೆದ್ದೋರ್ಯಾರು?"

"ನೀವೇ," ಅಂದೆ. ದಿನಾ ಕೇಳುತ್ತಾನೆ, ದಿನಾ ಗೆಲ್ಲಿಸುತ್ತೇನೆ. ಅಂದು ಸೋತ ಮಾತನ್ನು ಅಲ್ಲಿ ಯಾರೂ ಎತ್ತದಂತೆ ದಯವಿಟ್ಟು ನೋಡಿಕೊಳ್ಳಿ.

ಇಂತಿ,
ಡೆರೆಲ್‌ನ ತಾಯಿ ವರ್ನಾ ಹಾಬ್ಸ್