ವಸಂತನ ಹಳೇ ಡಿಸ್ಕ್

ಸೆಪ್ಟೆಂಬರ್ 8, ಸೋಮವಾರ

ಲ್ಯಾಪ್‌ಟಾಪ್ ಆನ್ ಮಾಡಿ ಹಾಲು ಕಾಯಿಸೋಕೆ ಹೋದೆ. ಹಾಲು ಉಕ್ಕಿತು, ಒಲೆ ಒರೆಸಿದೆ, ಕಾಫಿ ಕುಡಿದೆ. ಬಂದು ನೋಡಿದ್ರೆ ಇನ್ನೂ ಚುಕ್ಕಿ ಸುತ್ತುತ್ತಾ ಐತೆ. ಫೋಟೋಶಾಪ್ ತೆಗೆದೆ — ಹ್ಯಾಂಗ್. ತೋಟಪ್ಪೋರ ಮಗಳ ಮದುವೆ ಆಲ್ಬಮ್ ಅರ್ಧಕ್ಕೇ ನಿಂತೈತೆ. ಫೋನ್ ಮಾಡಿದ್ರು. "ಏನಮ್ಮ ಶೃತಿ, ನಮ್ ಹುಡುಗಿ ಬಾಣಂತನಕ್ಕೆ ಬರೋ ಹೊತ್ತಿಗಾದ್ರೂ ಕೊಡ್ತೀಯಾ?"

ನಗಬೇಕಿತ್ತು. ಕೊಡ್ತೀನಿ ಅಂದೆ.

ಮೊದಲು ನನ್ ಗಂಡ ವಸಂತ ಮದುವೆ ಶೂಟ್ ಮಾಡೋನು, ನಾನು ಮನೇಲಿ ಕೂತು ಎಡಿಟ್ ಮಾಡೋಳು. ಹೋದ ವರ್ಷ ಹೆಗ್ಗದ್ದೇಲಿ ಒಂದು ಮದುವೆ ಮುಗಿಸ್ಕೊಂಡು ಬರ್ತಾ, ಮಳೇಲಿ, ಬೈಕ್ ಮೇಲೆ ಮರ ಬಿತ್ತು. ಈಗ ಬೇರೆ ಸ್ಟುಡಿಯೋದವರು ಫೋಟೋ ಕಳಿಸ್ತಾರೆ, ಆಲ್ಬಮ್ ಮಾಡಿಕೊಡ್ತೀನಿ. ಹೊಟ್ಟೆಪಾಡು ನಡೀತೈತೆ.

ಸೆಪ್ಟೆಂಬರ್ 11, ಗುರುವಾರ

ಹಾನುಬಾಳಿಂದ ಎಂಟೂವರೆ ಬಸ್ಸು, ನಿಂತ್ಕೊಂಡೇ ಸಕಲೇಶಪುರಕ್ಕೆ. ಕಂಪ್ಯೂಟರ್ ಅಂಗಡಿ ಮೃತ್ಯುಂಜಯ ಬಿಚ್ಚಿ ನೋಡಿದ. "ಅಕ್ಕ, ಇದು ತಿರುಗೋ ಡಿಸ್ಕು. ಮುದುಕ ಆಗೈತೆ ಕಣಕ್ಕ. ಎಸ್‌ಎಸ್‌ಡಿ ಅಂತ ತಿರುಗದೇ ಇರೋ ಹೊಸ ಡಿಸ್ಕು ಬಂದೈತೆ, ಅದನ್ನ ಹಾಕ್ಸಿ. ಕಣ್ಣು ಮುಚ್ಚಿ ಬಿಡೋದ್ರಲ್ಲಿ ಆನ್ ಆಗ್ಬುಡುತ್ತೆ."

ಒಳಗಿರೋದು? ಅಂದೆ.

"ಕ್ಲೋನ್ ಮಾಡ್ತೀನಿ. ಇದ್ದದ್ದು ಇದ್ದಂಗೇ ಈ ಕಡೆಯಿಂದ ಆ ಕಡೆಗೆ. ಒಂದು ಫೈಲೂ ಮಿಸ್ ಆಗಲ್ಲ."

ಸರಿ ಅಂದೆ. ಬಿಟ್ಟು ಬಂದೆ. ವಾಪಸ್ ಬರ್ತಾ ಸೀಟ್ ಸಿಕ್ತು. ನಿದ್ದೆ ಹೋಗಿ ಸ್ಟಾಪ್ ದಾಟಿಸ್ಬುಟ್ಟೆ.

ಸೆಪ್ಟೆಂಬರ್ 13, ಶನಿವಾರ, ಸಂಜೆ

ಮೃತ್ಯುಂಜಯನ ಫೋನ್. ಕ್ಲೋನ್ ಮಧ್ಯಕ್ಕೇ ನಿಂತುಹೋಯ್ತಂತೆ. ಡಿಸ್ಕ್ ಸದ್ದು ಮಾಡ್ತೈತೆ ಅಂತ ಫೋನ್ ಹತ್ರ ಹಿಡಿದು ಕೇಳಿಸ್ದ. ಟಕ್... ಟಕ್... "ಬಲವಂತ ಮಾಡಿದ್ರೆ ಪೂರ್ತಿ ಹೋಗ್ಬುಡುತ್ತೆ. ಎಸ್‌ಎಸ್‌ಡಿಗೆ ಹೊಸ ವಿಂಡೋಸ್ ಹಾಕಿ ಕೊಡ್ಲಾ? ಹಳೇದ್ರಲ್ಲಿ ಇಂಪಾರ್ಟೆಂಟ್ ಏನೈತಕ್ಕ? ಕಸ್ಟಮರ್‌ಗೆಲ್ಲ ವಿಡಿಯೋ ಕೊಟ್ಟಾಗೈತಲ್ಲ?"

ಕೊಟ್ಟಾಗೈತೆ. ಅದೇ ಪೀಕಲಾಟ.

ಕೊಟ್ಟ ವಿಡಿಯೋದಲ್ಲಿ ದನಿ ಇರಲ್ಲ. ವಾಲಗ, ಗಲಾಟೆ, ಊಟಕ್ಕೆ ಕರೆಯೋದು — ಎಲ್ಲ ಮ್ಯೂಟ್ ಮಾಡಿ ಮೇಲೆ ಹಾಡು ಹಾಕ್ತೀವಿ. ಕ್ಯಾಮೆರಾ ಹಿಂದಿನಿಂದ ವಸಂತ ಕೂಗ್ತಾನೇ ಇರ್ತಿದ್ದ. "ಅಜ್ಜಿ, ಇತ್ಲಾಗೆ ನೋಡಿ. ಮದುಮಗ, ಉಸಿರು ಬಿಡು ಮಾರಾಯ, ಯುದ್ಧಕ್ಕೆ ಹೊರಟಿಲ್ಲ." ನಾನು ಮೊದಲು ತೆಗೆಯೋದೇ ಅದನ್ನ. ಕೆಲಸ ಅದು. ದನಿ ತೆಗೆಯದೇ ಇರೋ ಮೂಲ ಫೈಲೆಲ್ಲ ಆ ಡಿಸ್ಕಲ್ಲಿ. ವಾಯ್ಸ್ ಮೆಸೇಜ್ ಕಳಿಸೋ ಜಾತಿ ಅಲ್ಲ ಅವನು. ಫೋನು ಮರದಡಿ ಪುಡಿ. ಅವನ ದನಿ ಇರೋದು ಅಲ್ಲೊಂದೇ.

ಇಷ್ಟು ದಿನ ಒಂದ್ಸಲಾನೂ ಕೇಳಿಲ್ಲ. ಬೇಕು ಅಂದಾಗ ಕೇಳ್ಬೋದು ಅಂತ ಇತ್ತು. ಸಾಕಾಗಿತ್ತು.

ಹಾಕಪ್ಪ ಹೊಸದು ಅಂದೆ. ಹಳೇದನ್ನ ಬಿಸಾಕ್ಬೇಡ ಅಂತಾನೂ ಅಂದೆ. ಎರಡೆರಡು ಸಲ.

ಸೆಪ್ಟೆಂಬರ್ 16, ಮಂಗಳವಾರ

ಲ್ಯಾಪ್‌ಟಾಪ್ ತಂದೆ. ಬಟನ್ ಒತ್ತಿ ಕುರ್ಚಿ ಎಳ್ಕೊಳ್ಳೋದ್ರೊಳಗೆ ಆನ್. ಯಾರ ಹೆಸರು ಅಂತ ಕೇಳ್ತು. ಇಷ್ಟು ದಿನ ವಸಂತ ಅಂತಿತ್ತು. ಶೃತಿ ಅಂತ ಟೈಪ್ ಮಾಡ್ದೆ. ಸ್ಟುಡಿಯೋದವರು ಫೋಟೋ ಮತ್ತೆ ಕಳಿಸಿದ್ರು, ತೋಟಪ್ಪೋರ ಆಲ್ಬಮ್ ಸಂಜೆಯೊಳಗೇ ಮುಗೀತು. ಖುಷಿ ಆಗ್ಬೇಕು. ಸ್ಕ್ರೀನ್ ಮೇಲೆ ಬರೀ ನೀಲಿ. ಯಾರೂ ಇರದ ಮನೆಗೆ ಸುಣ್ಣ ಹೊಡೆದಂಗೆ.

ಹಳೇ ಡಿಸ್ಕು ಕೈಯಗಲ ಐತೆ. ಮಂಗಳೂರಲ್ಲಿ ಕೆಟ್ಟ ಡಿಸ್ಕಿಂದ ಫೈಲ್ ತೆಗೆಯೋರು ಇದಾರಂತೆ, ಸೋಮವಾರ ತಗೋತಾರಂತೆ. ಮೃತ್ಯುಂಜಯ ಅಂದ, "ಇನ್ನೊಂದ್ಸಲ ತಿರುಗಿದ್ರೂ ತಿರುಗ್ಬೋದಕ್ಕ. ಅಲ್ಲೀವರ್ಗೂ ಬೀಳಿಸ್ಬೇಡಿ, ನೀರು ಸೋಕಿಸ್ಬೇಡಿ. ಈ ತೂತು ನೋಡಿ, ಇದ್ರೊಳಗೆ ಏನಾದ್ರೂ ಹೋಯ್ತೋ, ಮುಗೀತು."

ನೀರು ಸೋಕಿಸ್ಬೇಡಿ ಅಂತೆ. ಈ ಊರಲ್ಲಿ! ಬೀರು ಒಳಗಿನ ಬೆಲ್ಟಿಗೂ ಬೂಷ್ಟು ಹಿಡಿದೈತೆ. ಬಟ್ಟೇಲಿ ಸುತ್ತಿ ಅಕ್ಕಿ ಡಬ್ಬದೊಳಗೆ ಹೂತಿಟ್ಟೆ. ಫೋನ್ ನೆಂದ್ರೆ ಎಲ್ರೂ ಅಕ್ಕೀಲೇ ತಾನೇ ಇಡೋದು. ಅತ್ತೆ ಬಾಗ್ಲಲ್ಲಿ ನಿಂತು ನೋಡ್ತಿದ್ರು. ಏನವ್ವ ಅದು? ಅಂದ್ರು. "ವಸಂತಂದು. ಅವನ ಕೆಲಸ ಎಲ್ಲ ಇದ್ರೊಳಗೇ ಇರೋದು" ಅಂದೆ. ತಲೆ ಆಡಿಸಿ ಹೋದ್ರು.

ಸೆಪ್ಟೆಂಬರ್ 19, ಶುಕ್ರವಾರ

ಪಾರ್ವತಮ್ಮ, ಅತ್ತೆ ತಂಗಿ, ಹಬ್ಬಕ್ಕೆ ಅಂತ ಬಂದವ್ರೆ. ಭಾನುವಾರ ಮಹಾಲಯ ಅಮಾವಾಸ್ಯೆ. ಹೋದ ಸಲ ವರ್ಷ ತುಂಬಿರ್ಲಿಲ್ಲ ಅಂತ ವಸಂತಂಗೆ ಎಡೆ ಇಟ್ಟಿರ್ಲಿಲ್ಲ. ಇದೇ ಮೊದಲು.

ನಾನು ಅಡುಗೆಮನೇಲಿ ಇದೀನಿ ಅಂತ ಗೊತ್ತಿದ್ದೂ ಪಾರ್ವತಮ್ಮ ಜಗಲೀಲಿ ಗಟ್ಟಿಯಾಗೇ ಅಂದ್ರು — "ಕಲ್ಲು ಕಣಕ್ಕ ನಿನ್ ಸೊಸೆ. ಮಣ್ಣಿನ ದಿನಾನೂ ಒಂದು ತೊಟ್ಟು ಕಣ್ಣೀರು ಹಾಕ್ಲಿಲ್ಲ." ಅತ್ತೆ ಸುಮ್ನಿರೇ ಅಂದ್ರು.

ಅಳಬಾರ್ದು ಅಂತ ನಂಗೇನು ಹಟ ಇಲ್ಲ. ಬರಲ್ಲ, ಅಷ್ಟೇ. ಅನ್ನ ಉಂಡ್ರೂ ಅಷ್ಟೇ, ಬಿಟ್ರೂ ಅಷ್ಟೇ ಅನ್ನೋ ಥರ ಐತೆ. ಸೋಮವಾರದ್ದು ಮಾತ್ರ ತಲೇಲಿ ಐತೆ. ಮಂಗಳೂರು ಬಸ್ಸು ಎಷ್ಟೊತ್ತಿಗೆ ಅಂತ ದಿನಾ ಯಾರನ್ನಾದ್ರೂ ಕೇಳ್ತೀನಿ.

ಸೆಪ್ಟೆಂಬರ್ 21, ಭಾನುವಾರ, ಸಂಜೆ

ಆದದ್ದು ಆದಂಗೇ ಬರೀತೀನಿ.

ಬಾಳೆ ಎಲೆ ಕುಯ್ದು ಕೊಟ್ಟು ಸ್ನಾನಕ್ಕೆ ಹೋದೆ. ತಲೆ ಒರೆಸ್ಕೊಂಡು ಬರೋಷ್ಟರಲ್ಲಿ ಅತ್ತೆ ಎಡೆ ಇಟ್ಟು, ಪೂಜೆ ಮಾಡಿ, ನಡುಮನೆ ಬಾಗ್ಲು ಹಾಕಿ ಎಲ್ರನ್ನೂ ಜಗಲಿಗೆ ಕರ್ಕೊಂಡು ಬಂದಿದ್ರು. ಒಳಗೆ ಹಿರೀಕರು ಉಣ್ಣೋ ಹೊತ್ತು, ನಾವು ಹೊರಗಿರ್ಬೇಕು. ಅಡ್ಡ ಹೋಗಂಗಿಲ್ಲ, ಇಣುಕಂಗಿಲ್ಲ.

ಮಳೆ ನಿಂತಿತ್ತು. ಅತ್ತೆ ಸೆರಗಲ್ಲಿ ಕೈ ಒರೆಸ್ಕೋತಾ ಮೆಲ್ಲಗೆ ಅಂದ್ರು, "ಕೋಳಿ ಸಾರು, ಕಡುಬು, ಸಿಗರೇಟು, ಹೊಸ ಪಂಚೆ. ಆಮೇಲೆ ನೀನು ಅಕ್ಕಿಗೆ ಹಾಕಿದ್ಯಲ್ಲ, ಅದನ್ನೂ ಇಟ್ಟೆ ಕಣವ್ವ."

ಯಾವುದನ್ನ? ಅಂದೆ.

"ಅವನ ಕೆಲಸದ್ದು. ಅನ್ನಕ್ಕೆ ಅಕ್ಕಿ ತೋಡ್ವಾಗ ಸಿಕ್ತು. ನೀನೂ ಎಡೆಗೇ ಅಂತ ಮಡೀಲಿ ಎತ್ತಿಟ್ಟಿದೀಯ ಅನ್ಕೊಂಡೆ. ಕೆಲಸ ಬುಟ್ಟು ಯಾವತ್ತು ಬಂದಿದ್ದ ಅವನು ಉಣ್ಣಕ್ಕೆ? ಹತ್ತು ಸಲ ಕೂಗ್ಬೇಕಿತ್ತು. ಅದಕ್ಕೇ ಎಲೆ ಪಕ್ಕದಲ್ಲೇ ಮಡಗಿದೆ. ಬರ್ಲಿ ಅಂತ. ಅದಕ್ಕೂ ಕುಂಕುಮ ಇಟ್ಟು, ಮೇಲೆ ಮೂರು ಸಲ ಹಾಲು-ತುಪ್ಪ ಬುಟ್ಟೆ."

ಡಿಸ್ಕಿನ ಆ ತೂತು ಕಣ್ಮುಂದೆ ಬಂತು. ಬಾಗ್ಲ ಹತ್ರಕ್ಕೆ ಹೋಗಿ ಚಿಲಕ ಹಿಡಿದೆ. ಪಾರ್ವತಮ್ಮ "ಅಯ್ಯೋ ಅಯ್ಯೋ, ಈಗ್ಲೇ ತೆಗೀಬಾರ್ದು" ಅಂದ್ರು. ತೆಗೆದ್ರೂ ಏನಿತ್ತು ಒಳಗೆ. ಸುಟ್ಟು ಬಿಡೋಷ್ಟು ಸಿಟ್ಟು ಬಂತು. ಬೈಬೇಕು ಅಂತ ತಿರುಗಿದೆ. ಅತ್ತೆ ನನ್ನೇ ನೋಡ್ತಿದ್ರು. ಸರಿಯಾಗಿ ಮಾಡಿದ್ನಾ ಅಂತ ಕೇಳೋ ಮುಖ. ಚಿಲಕ ಬಿಟ್ಟೆ.

ಚೆನ್ನಾಗ್ ಮಾಡಿದ್ರಿ ಅಂದೆ.

ಆಮೇಲೆ ಬಾಗ್ಲು ತೆಗೆಯೋ ಹೊತ್ತು. ನಮ್ಮನೇಲಿ ಸುಮ್ನೆ ತೆಗಿಯಲ್ಲ, ಹೆಸರು ಹಿಡಿದು ಉಂಡ್ಯಾ ಅಂತ ಕೇಳಿ ತೆಗೀತಾರೆ. ಅತ್ತೆ ಬಾಗ್ಲ ತನಕ ಹೋಗಿ ನನ್ ಕಡೆ ತಿರುಗಿದ್ರು. "ನಂಗಾಗಲ್ಲ. ನೀನೇ ಕೂಗು" ಅಂದ್ರು.

"ವಸಂತಾ, ಉಂಡ್ಯಾ?"

ಅತ್ತೆ ಬಾಗ್ಲಿಗೆ ಕಿವಿ ಕೊಟ್ಟು ನಿಂತಿದ್ರು. "ಗಟ್ಟಿಯಾಗಿ ಕೂಗವ್ವ, ಅವನಿಗೆ ಒಂದು ಸಲಕ್ಕೆ ಕೇಳಲ್ಲ."

ಕೂಗಿದೆ. ಇನ್ನೊಂದ್ಸಲ ಕೂಗಿದೆ. ಪಾರ್ವತಮ್ಮ ಸಾಕು ಬಿಡೇ ಅಂತ ತೋಳು ಹಿಡ್ಕೊಂಡ್ರು. ನಿಲ್ಸೋಕೆ ಆಗ್ಲಿಲ್ಲ. ವಸಂತಾ ವಸಂತಾ ಅಂತ, ಆ ಬಾಗ್ಲು ಗುದ್ದಿ ಗುದ್ದಿ, ಏನಾದ್ರೂ ಮಾತಾಡೋ ಅಂತ, ಒಂದೇ ಒಂದು ಮಾತು —