ಕಳ್ಳರಿಗೆ ಹೊಡೆದ ಪ್ರೈಮರ್

ಮಾರ್ಚ್ 3, ಭಾನುವಾರ

ಗೊಂಬೆಗಳನ್ನು ಸೋಪಿನ ನೀರಲ್ಲಿ ತೊಳೆದು ಪೇಪರಿನ ಮೇಲೆ ಹರಡಿದ್ದೇನೆ. ಹೆಬ್ಬೆರಳುದ್ದದ ಪ್ಲಾಸ್ಟಿಕ್ ಮನುಷ್ಯರು. ಅರ್ಧ ಅಂಬಿಗರು, ಅರ್ಧ ಕಳ್ಳರು. ಎಲ್ಲರೂ ಒಂದೇ ಅಚ್ಚು. ಕಳ್ಳರ ಕಾಲಬುಡದಲ್ಲಿ ಒಂದು ಚುಕ್ಕೆ, ಅಷ್ಟೇ ಗುರುತು.

ಈ ಅಂಬಿಗರು-ಕಳ್ಳರ ಕಥೆ ಮೊದಲು ಹೇಳಿದ್ದು ಅಕ್ಕ. ಹೋದ ವರ್ಷ, ಕರೆಂಟು ಹೋಗಿದ್ದ ಒಂದು ಸಂಜೆ. ಕೇಳಿದವರು ನಾನು, ಔಷಧಿ ಅಂಗಡಿಯ ಕಾಂಪೌಂಡರ್, ಎದುರು ಮನೆಯ ಡ್ರೈವರ್. ಅದನ್ನೇ ಆಟ ಮಾಡಿಕೊಂಡೆವು. ಊಟದ ಮೇಜೇ ಹೊಳೆ. ಪ್ರತಿ ಭಾನುವಾರ ಅಕ್ಕ, ನಾನು ಅಂಬಿಗರು. ಅವರಿಬ್ಬರು ಕಳ್ಳರು. "ಮುಖ ನೋಡಿದರೇ ಗೊತ್ತಾಗತ್ತೆ" ಅಂತಾಳೆ ಅಕ್ಕ.

ಇವತ್ತು ಕಳ್ಳನೊಬ್ಬನನ್ನು ತನ್ನವನು ಅಂದುಕೊಂಡು ದೋಣಿಗೆ ಹತ್ತಿಸಿದಳು. ಅವಳಿಗೆ ಚುಕ್ಕೆ ಕಾಣಿಸಿಲ್ಲ. ಕಾಂಪೌಂಡರ್ ನನ್ನ ಮುಖ ನೋಡಿದ. ಡ್ರೈವರ್ ಸೂರು ನೋಡಿದ. ಅವಳನ್ನು ಗೆಲ್ಲಿಸಿಬಿಟ್ಟೆವು. ಎತ್ತಿಡುವಾಗ ಅವಳು ಎಣಿಸಿದರೆ ತನ್ನ ಡಬ್ಬಿಯಲ್ಲಿ ಒಬ್ಬ ಹೆಚ್ಚು.

"ಎಷ್ಟು ದಿನದಿಂದ ಈ ನಾಟಕ?"

"ನಾಟಕ ಏನಿಲ್ಲ ಅಕ್ಕಾ..." ಕಾಂಪೌಂಡರ್.

"ಸುಳ್ಳು ಹೇಳೋಕೂ ಬರಲ್ಲ, ನೀನೆಂಥಾ ಕಳ್ಳನೋ! ಇನ್ಮೇಲೆ ನೀವು ನೀವೇ ಆಡ್ಕೊಳ್ಳಿ."

ಎದ್ದು ಹೋದಳು.

ಮಾರ್ಚ್ 6, ಬುಧವಾರ

ಅಕ್ಕನ ಕಣ್ಣಿನ ನರ ಸೋತಿದೆ, ಬೆಳಕು-ಕತ್ತಲೆಯ ವ್ಯತ್ಯಾಸ ಉಳಿದೀತು ಅಂತ ಡಾಕ್ಟರು ಹೇಳಿದ್ದರು. ಹಾಗಾದರೆ ನಮ್ಮವರು ಬಿಳಿ, ಅವರು ಕಪ್ಪು. ಬರೀ ಪ್ಲಾಸ್ಟಿಕ್ಕಿನ ಮೇಲೆ ಬಣ್ಣ ನಿಲ್ಲುವುದಿಲ್ಲ, ಮೊದಲು ಪ್ರೈಮರ್ ಅನ್ನೋ ತಳದ ಬಣ್ಣ ಕಚ್ಚಬೇಕು. ಬಿಳಿ ಪ್ರೈಮರ್, ಕಪ್ಪು ಪ್ರೈಮರ್, ಎರಡು ಸ್ಪ್ರೇ ಡಬ್ಬಿ ತಂದೆ.

ಬೆಳಿಗ್ಗೆ ಮಹಡಿಯ ಮೇಲೆ ಬಿಳಿ. ಚೆನ್ನಾಗಿ ಕೂತಿತು, ಮೂಗು-ಕಣ್ಣು ಮುಚ್ಚದ ಹಾಗೆ, ತೆಳ್ಳಗೆ. ಮಧ್ಯಾಹ್ನ ಕಪ್ಪು. ಉರಿಬಿಸಿಲು, ಗಾಳಿ. ಅಂಗಿಗೆ ಹಾರೀತು ಅಂತ ಕೈ ಚಾಚಿ ದೂರದಿಂದ ಹೊಡೆದೆ. ಪ್ರೈಮರ್ ಗಾಳಿಯಲ್ಲೇ ಒಣಗಿ ಪುಡಿಯಾಗಿ ಬಿತ್ತು. ಕಳ್ಳರಿಗೆಲ್ಲ ಮರಳು ಕಾಗದದ ಮೈ. ಹತ್ತಿರದಿಂದ ಹೊಡೆಯಿರಿ ಅಂತ ಡಬ್ಬಿಯ ಮೇಲೇ ಇದೆ. ಓದುವವರು ಯಾರು?

ಬಿಳಿಯದೊಂದು, ಕರಿಯದೊಂದು ಕಿಟಕಿಯಲ್ಲಿ ನಿಲ್ಲಿಸಿ ಅಕ್ಕನನ್ನು ಕರೆದೆ. ತುಂಬಾ ಹೊತ್ತು ನೋಡಿದಳು.

"ಎರಡೂ ಮಸುಕೇ ಕಣೋ. ಬಿಡು."

ಮಾರ್ಚ್ 16, ಶನಿವಾರ

ಬರೆಯುವ ಮನಸ್ಸಿರಲಿಲ್ಲ. ಹೋದ ಭಾನುವಾರ ಆಟ ಇಲ್ಲ. ಅಕ್ಕ ಗೋಡೆಗೆ ಮುಖ ಮಾಡಿ ರೇಡಿಯೋ ಕೇಳಿದಳು.

ಕೆಟ್ಟುಹೋದ ಕೆಲಸ ಕಣ್ಣ ಮುಂದೆ ಬೇಡ ಅಂತ ಇವತ್ತು ಕಳ್ಳರನ್ನು ಸ್ಪಿರಿಟ್ಟಿನಲ್ಲಿ ನೆನೆಸಿ ಹಳೇ ಬ್ರಷ್ಷಿನಿಂದ ಉಜ್ಜುತ್ತಿದ್ದೆ. ಅಕ್ಕ ನೀರಿಗೆ ಬಂದವಳು ಲೋಟ ತಡಕಿದಳು. ಕೈಗೆ ಸಿಕ್ಕಿದ್ದು ಗೊಂಬೆ. ಹೆಬ್ಬೆರಳು ಅದರ ಮೇಲೆ ಹೋಯಿತು, ಬಂತು.

"ಯಾರೋ ಇವನು? ಮೈಯೆಲ್ಲ ಗರಗರ!"

"ಕಳ್ಳ. ಪ್ರೈಮರ್ ಕೆಟ್ಟೋಯ್ತು ಅಕ್ಕ, ತೊಳೀತಿದೀನಿ."

"ವಾರದಿಂದ ಗಡ್ಡ ಕೆರೆದಿಲ್ಲ ಬಡ್ಡಿಮಗ!" ನಕ್ಕಳು. ಎಷ್ಟು ದಿನವಾಗಿತ್ತು... "ನಮ್ಮವನೊಬ್ಬನನ್ನ ಕೊಡು." ಕೊಟ್ಟೆ. "ಇವನು ನುಣ್ಣಗಿದಾನೆ." ಎರಡನ್ನೂ ಬೆನ್ನ ಹಿಂದೆ ಹಿಡಿದು ಕೈ ಬದಲಿಸಿದಳು. "ಈ ಕೈಲಿರೋನು ಕಳ್ಳ. ಸರೀನಾ?"

ಸರಿ ಇತ್ತು.

"ತೊಳೆದಿದ್ದು ಎಷ್ಟು?"

"ಅರ್ಧ."

"ಮಂಕೇ! ಹೋಗು, ಅವನ್ನೂ ಕೆಡಿಸಿಕೊಂಡು ಬಾ."

ಬೇಕೆಂದು ಕೆಡಿಸಲು ಹೋದರೆ ಕೆಡಬೇಕಲ್ಲ! ಇವತ್ತು ಗಾಳಿಯೇ ಇಲ್ಲ. ದೂರ ನಿಂತೆ, ಸ್ಟೂಲು ಹತ್ತಿದೆ—ನುಣ್ಣಗೇ ಕೂರುತ್ತದೆ ಹಾಳಾದ್ದು. ಎದುರು ಮಹಡಿಯಿಂದ ಡ್ರೈವರ್: "ಏನಣ್ಣಾ, ಸೊಳ್ಳೆ ಓಡಿಸ್ತಿದೀಯಾ?" ವಿಷಯ ಹೇಳಿದೆ. ನಗಲಿಲ್ಲ. ತನ್ನ ಟೇಬಲ್ ಫ್ಯಾನು ಹೊತ್ತು ತಂದ. ಕಳ್ಳರೂ ಗರಗರ, ನನ್ನ ಹುಬ್ಬೂ ಗರಗರ.

ಮಾರ್ಚ್ 17, ಭಾನುವಾರ

ಕಾಂಪೌಂಡರ್‌ಗೆ ಬಾಗಿಲಲ್ಲೇ ಹೇಳಿದೆ: "ಅಯ್ಯೋ ಪಾಪ ಅನ್ನೋದೆಲ್ಲ ಚಪ್ಪಲಿ ಜೊತೆ ಹೊರಗೆ ಬಿಡು."

ಅಕ್ಕ ಕೂತಳು. ಬೆರಳಿನಿಂದಲೇ ಹೊಳೆ, ದಡ, ದೋಣಿ ಎಲ್ಲ ಅಳೆದಳು. ಒಬ್ಬನ ಗುರುತೂ ತಪ್ಪಲಿಲ್ಲ. ಕೊನೆಯಲ್ಲಿ ಕಾಂಪೌಂಡರನ ಮುಖ್ಯ ಕಳ್ಳನನ್ನೇ ಹೊಳೆಗೆ ತಳ್ಳಿ ಗೆದ್ದಳು. ಅವನು ಎದ್ದು ಚಪ್ಪಲಿ ಮೆಟ್ಟಿ ಹೊರಟುಹೋದ.

ಪಾತ್ರೆ ತೊಳೆಯುವಾಗ ಅಕ್ಕ ಮೆಲ್ಲಗೆ ಕೇಳಿದಳು:

"ನಾನು ಗೆದ್ದೆನೋ, ಅವನು ಬಿಟ್ಟುಕೊಟ್ಟನೋ?"

ನನಗೂ ಗೊತ್ತಿಲ್ಲ. ತಟ್ಟೆ ಒರೆಸುತ್ತಾ ಇದ್ದೆ.

ಮಾರ್ಚ್ 18, ಸೋಮವಾರ, ಬೆಳಿಗ್ಗೆ

ಹಾಲಿನವನಿಗಿಂತ ಮೊದಲು ಕಾಂಪೌಂಡರ್. ಕಣ್ಣು ಕೆಂಪಗೆ. ಅಂಗಡಿಯ ಬೀಗದ ಕೈ ಕೈಯಲ್ಲೇ.

"ಮೋಸ ಅಕ್ಕಾ! ನನ್ನ ಕಳ್ಳ ದಡದ ಮೇಲಿದ್ದ. ದಡದಲ್ಲಿರೋನನ್ನ ತಳ್ಳೋ ಹಾಗಿಲ್ಲ. ನಿದ್ದೆ ಬಂದಿಲ್ಲ ನಂಗೆ!"

ಅಕ್ಕನ ಬಾಯಲ್ಲಿ ಬ್ರಷ್ಷು. ತೆಗೆದಳು. ಮುಖ ಅರಳಿಹೋಯಿತು.

"ಒಂದು ಕಾಲು ನೀರಲ್ಲಿತ್ತು ಕಣೋ, ಸೋತ ಮೂತಿಯವನೇ!"

"ಎರಡೂ ಕಾಲು ದಡದಲ್ಲಿತ್ತು!"

ಡ್ರೈವರ್ ಲುಂಗಿ ಕಟ್ಟಿಕೊಳ್ಳುತ್ತಾ ಓಡಿ ಬಂದ. ತನ್ನ ಕಡೆಯವನನ್ನು ಬಿಟ್ಟು ಅಕ್ಕನ ಪರ ನಿಂತ. ಈಗ ಮೂವರೂ ಕೂಗಾಡುತ್ತಿದ್ದಾರೆ, ಮೇಜು ಎಳೆಯುವ ಸದ್ದು. ಅಂಗಡಿ ತೆರೆಯುವ ಹೊತ್ತು ಮೀರಿತು. ಸಾಕ್ಷಿ ಹೇಳು ಬಾ ಅಂತ ನನ್ನನ್ನು ಕರೆಯುತ್ತಿದ್ದಾರೆ. ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತೇನೆ. ನಾನು ಕಂಡ ಹಾಗೆ ಆ ಕಳ್ಳ ದಡದ ಮೇಲೇ—